ಪಶುವೈದ್ಯರ ಕಾಯುವ ಕೋಣೆಯಲ್ಲಿ ಶ್ವಾನ-ಯಾಜಮಾನ್ಯದ ನೆಲೆಗಳು: ಒಂದು ತಾತ್ವಿಕ ವಿವೇಚನೆ

1. ನಿರ್ವಚನ

ಪಕ್ಕದ ಕುರ್ಚಿಯವರ ನಾಯಿ, ಆ ನಾಯಿಯ ಬೆಲ್ಟು, ಬೆಲ್ಟು ಹಿಡಿದ ಕೈ, ಆ ಕೈಗೆ ಬರುವ ಸಂಬಳ, ಇವೆಲ್ಲದರ ಮೇಲೆ ಯಾರೂ ಕೇಳದೆ ಹೊರಡಿಸುವ ತೀರ್ಪುಗಳ ಸಮುಚ್ಚಯಕ್ಕೆ ಶ್ವಾನ-ಯಾಜಮಾನ್ಯವೆಂದು ಹೆಸರು. ಬೆಂಗಳೂರಿನ ಖಾಸಗಿ ಪಶುಚಿಕಿತ್ಸಾಲಯಗಳ ಕಾಯುವ ಕೋಣೆ ಇದರ ಆವಾಸಸ್ಥಾನ. ಭಾನುವಾರ ಬೆಳಿಗ್ಗೆ ಮತ್ತು ಉಳಿದ ದಿನಗಳಲ್ಲಿ ಸಂಜೆ ಏಳರ ನಂತರ ಇದು ಪ್ರಖರವಾಗಿರುತ್ತದೆ. ಗೋಡೆಗೆ ಒತ್ತಿದ ಸ್ಟೀಲ್ ಕುರ್ಚಿಗಳು, ನೆಲದ ಮೇಲೆ ತೂಕದ ಯಂತ್ರ, ನಾಯಿ ತಿಂಡಿ ಕಂಪನಿಯ ಕ್ಯಾಲೆಂಡರು, ಫಿನಾಯಿಲ್ ವಾಸನೆ, ಮೂಲೆಯ ಬುಟ್ಟಿಯಲ್ಲಿ ಕೂತು ಎಲ್ಲರನ್ನೂ ಸಮಾನವಾಗಿ ದ್ವೇಷಿಸುವ ಒಂದು ಬೆಕ್ಕು: ಇದು ಕೋಣೆಯ ಭೌತಿಕ ಸಂರಚನೆ. ಬೆಕ್ಕನ್ನು ಅಧ್ಯಯನದ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಸದರಿ ಸಂಕಥನವನ್ನು ಅದರ ಬಹುಮುಖಿ ಆಯಾಮಗಳಲ್ಲಿ, ಸಾಂಸ್ಕೃತಿಕ ಪರಿಪ್ರೇಕ್ಷ್ಯದಲ್ಲಿ, ಅನನ್ಯತೆಯ ಮುಖಾಮುಖಿಯ ನೆಲೆಯಲ್ಲಿ ಅನುಸಂಧಾನಿಸಬೇಕಾಗಿದೆ. ಅಂದರೆ, ಅಲ್ಲಿ ಏನು ನಡೆಯುತ್ತದೆ ಎಂದು ಹೇಳಬೇಕಾಗಿದೆ.

2. ಚಾರಿತ್ರಿಕ ಹಿನ್ನೆಲೆ ಮತ್ತು ತಾತ್ವಿಕ ಚೌಕಟ್ಟು

ಮದ್ದೂರು ತಾಲ್ಲೂಕಿನ ಆತಕೂರಿನ ಶಿಲಾಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದ ನಂತರ ಮೆಚ್ಚಿದ ಗಂಗ ದೊರೆ ಬೂತುಗ ಏನು ಬೇಕೆಂದು ಕೇಳಿದಾಗ ವೀರ ಮಣಲೇರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಂದಿಗೆ ಸೆಣಸಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಕಾಳಿಯ ತಳಿ ಯಾವುದು, ಎಷ್ಟಕ್ಕೆ ಬಂತು, ಏನು ತಿನ್ನುತ್ತಿತ್ತು ಎಂಬ ವಿವರಗಳನ್ನು ಶಾಸನ ಕೊಡುವುದಿಲ್ಲ. ಆ ಕಾಲಕ್ಕೆ ಕಾಯುವ ಕೋಣೆಗಳು ಇರಲಿಲ್ಲ.

ಕನ್ನಡ ವಿದ್ವತ್ತು ಯಾವುದನ್ನು ಕೈಗೆತ್ತಿಕೊಂಡರೂ ಮಾರ್ಗ, ದೇಸಿ ಎಂದು ಎರಡಾಗಿ ಸೀಳುವ ವಾಡಿಕೆಯಿರುವುದರಿಂದ ನಾಯಿಗಳನ್ನೂ ಹಾಗೆಯೇ ಸೀಳಲಾಗಿದೆ. ಮಾರ್ಗ ಶ್ವಾನಕ್ಕೆ ಕೆನಲ್ ಕ್ಲಬ್ಬಿನ ಪತ್ರ ಮತ್ತು ವಂಶಾವಳಿ ಇರುತ್ತವೆ. ಯಜಮಾನನಿಗೆ ಸ್ವಂತ ಮುತ್ತಜ್ಜನ ಹೆಸರು ಗೊತ್ತಿರದಿದ್ದರೂ ನಾಯಿಯ ಮುತ್ತಜ್ಜನ ಹೆಸರು ಬಾಯಿಪಾಠವಾಗಿರುತ್ತದೆ. ದೇಸಿ ಶ್ವಾನ ಮೋರಿ ಪಕ್ಕ ಸಿಕ್ಕಿದ್ದು. ಮಾರ್ಗದೊಡನೆ ವ್ಯವಹಾರ ಇಂಗ್ಲಿಷಿನಲ್ಲಿ. ಮನೆಮಂದಿಯೊಡನೆ ಅಪ್ಪಟ ಮಂಡ್ಯದ ಕನ್ನಡ ಆಡುವವರೂ ಲ್ಯಾಬ್ರಡಾರಿಗೆ ಮಾತ್ರ “ಸಿಟ್, ಬ್ರೂನೋ, ಸಿಟ್” ಎನ್ನುತ್ತಾರೆ. ಬ್ರೂನೋ ಕೂರುವುದಿಲ್ಲ. ಪಕ್ಕದಲ್ಲಿ “ಕೂತ್ಕೊಳೋ” ಎಂದೊಡನೆ ಕರಿಯ ಕೂತಿರುತ್ತಾನೆ; ಅದನ್ನು ತರಬೇತಿ ಎಂದು ಯಾರೂ ಪರಿಗಣಿಸುವುದಿಲ್ಲ.

ಮುಧೋಳ ನಾಯಿ ಈ ಚೌಕಟ್ಟನ್ನು ಕೆಡಿಸುತ್ತದೆ. ಅದು ಬಾಗಲಕೋಟೆ ಜಿಲ್ಲೆಯ ದೇಸಿ. ಆದರೆ 2005ರಲ್ಲಿ ಅಂಚೆಚೀಟಿಯಾಗಿದೆ, ಮೀರತ್ತಿನಲ್ಲಿ ಸೇನೆಯ ತರಬೇತಿ ಪಡೆದಿದೆ. ಹಾಗಿದ್ದೂ ಅದನ್ನು ಕರೆತಂದವರಿಗೆ ಸಿಗುವ ಮೊದಲ ಮಾತು “ಊಟ ಹಾಕಲ್ವಾ?” ಎಂಬುದೇ. ಓಡಿ ಬೇಟೆಯಾಡುವ ನಾಯಿಗೆ ಪಕ್ಕೆ ಕಾಣುವುದು ಲಕ್ಷಣ. ನಾಯಿಯ ಮೈಕಟ್ಟನ್ನು ವೈದ್ಯರು 1ರಿಂದ 9ರ ಅಳತೆಯಲ್ಲಿ ನೋಡುತ್ತಾರೆ. 4 ಅಥವಾ 5 ಸರಿಯಾದದ್ದು. ಪ್ರಶ್ನೆ ಕೇಳಿದವರ ನಾಯಿ ಸಾಮಾನ್ಯವಾಗಿ 8ರಲ್ಲಿರುತ್ತದೆ. “ಗುಂಡುಗುಂಡಗೆ ಮುದ್ದಾಗಿದೆ” ಎಂಬುದಕ್ಕೆ ಆ ಪಟ್ಟಿಯಲ್ಲಿ ಅಂಕವಿಲ್ಲ.

3. ವರ್ಗೀಕರಣ

ಶ್ವಾನ-ಯಜಮಾನರಲ್ಲಿ ಐದು ವರ್ಗಗಳಿವೆ.

3.1 ತಳಿಶುದ್ಧಿವಾದಿ. ಇವರ ಮೊದಲ ಪ್ರಶ್ನೆ “ಯಾವ ಬ್ರೀಡು?” ಎರಡನೆಯದು “ಎಷ್ಟಕ್ಕೆ ತಗೊಂಡ್ರಿ?” ಸಿಕ್ಕಿದ್ದು ಎಂಬ ಉತ್ತರ ಬಂದರೆ “ಓ… ಇಂಡೀನಾ” ಎನ್ನುತ್ತಾರೆ, ಆ ಓಕಾರದ ಪ್ಲುತದಲ್ಲಿ ಒಂದು ಸಾಮಾಜಿಕ ವ್ಯವಸ್ಥೆಯೇ ಅಡಗಿದೆ. ಇವರ ಕೈಯಲ್ಲಿ ಸೈಬೀರಿಯಾದ ಹಿಮಕ್ಕೆ ಹುಟ್ಟಿದ ಹಸ್ಕಿ ಏಪ್ರಿಲ್ ಬಿಸಿಲಿಗೆ ಏದುಸಿರು ಬಿಡುತ್ತಿರುತ್ತದೆ, ಇಲ್ಲವೇ 2003ರ ಹಚ್ ಜಾಹೀರಾತಿನಿಂದ ಮನೆಮನೆಗೆ ಬಂದ ಪಗ್, ಮೂಗು ಮೊಟಕಾದ ತಪ್ಪಿಗೆ ಕೂತಲ್ಲೇ ಗೊರಕೆ ಹೊಡೆಯುತ್ತಿರುತ್ತದೆ.

3.2 ಆಹಾರಮೀಮಾಂಸಕ. “ಮೊಸರನ್ನ ಹಾಕ್ತೀರಾ?” ಎಂಬುದನ್ನು ಇವರು ಪೊಲೀಸ್ ಠಾಣೆಯ ಧಾಟಿಯಲ್ಲಿ ಕೇಳುತ್ತಾರೆ. ರಾಗಿ ಅಂಬಲಿಯಲ್ಲಿ ಬೆಳೆದು ಹೊಲ ಕಾಯ್ದ ನಾಯಿಗಳ ತಲೆಮಾರುಗಳು ಇವರ ಜ್ಞಾನಮೀಮಾಂಸೆಗೆ ದಕ್ಕುವುದಿಲ್ಲ. ಇವರು ಹೊಗಳುವ ಧಾನ್ಯವಿಲ್ಲದ ಆಹಾರಕ್ಕೂ ನಾಯಿಗಳ ಹೃದ್ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಎಫ್‌ಡಿಎ 2018ರಲ್ಲಿ ತನಿಖೆಗಿಳಿದದ್ದೂ ದಕ್ಕಿಲ್ಲ. ಮೊಸರನ್ನಕ್ಕೆ ಹೌಹಾರಿದ ಅದೇ ಕೈ, ಆಪರೇಷನ್ನಿಗೆಂದು ಖಾಲಿ ಹೊಟ್ಟೆಯಲ್ಲಿ ಕರೆತಂದ ಪರರ ನಾಯಿಗೆ ಕೇಳದೆ ಬಿಸ್ಕತ್ತು ಎಸೆಯುತ್ತದೆ.

3.3 ನಿರುಪದ್ರವಘೋಷಕ. “ಅವನೇನೂ ಮಾಡಲ್ಲ” ಎಂಬುದು ಇವರ ಮಹಾವಾಕ್ಯ. ಎಳೆದಷ್ಟೂ ಉದ್ದವಾಗುವ ಹಗ್ಗದ ತುದಿಯಲ್ಲಿ ಅವನು ಅಷ್ಟರಲ್ಲೇ ಹೊಲಿಗೆ ಹಾಕಿದ ನಾಯಿಯ ಮೂತಿಗೆ ಮೂತಿ ತಾಗಿಸಿರುತ್ತಾನೆ. ಆ ನಾಯಿ ತುಟಿ ನೆಕ್ಕುತ್ತದೆ, ಆಕಳಿಸುತ್ತದೆ, ಮುಖ ತಿರುಗಿಸುತ್ತದೆ. ಇವು ಮೂರೂ ಹೆದರಿಕೆಯ ಗುರುತುಗಳು. ಕೊನೆಗೆ ಗುರ್ ಎಂದಾಗ “ಅಗ್ರೆಸಿವ್ ನಾಯಿ” ಎಂಬ ತೀರ್ಪು ಬೀಳುತ್ತದೆ. ಬಾಯಿಗೆ ಜಾಳಿಗೆ ಕಟ್ಟಿ ತಂದವರಿಗೂ ಅದೇ ತೀರ್ಪು. ಕೋಣೆಯಲ್ಲಿ ಹೊಣೆಯರಿತು ಬಂದವರು ಅವರೊಬ್ಬರೇ ಆಗಿರುತ್ತಾರೆ.

ನಾಲ್ಕನೆಯ ಮತ್ತು ಐದನೆಯ ವರ್ಗಗಳನ್ನು ವಿವರಿಸುವ ಅಗತ್ಯವಿಲ್ಲ. ಅವರೂ ಮೊದಲ ಮೂವರೇ; ಚಪ್ಪಲಿ ಮಾತ್ರ ಬೇರೆ.

4. ನಿರ್ವಹಣಾ ತಂತ್ರಗಳು

(ಅ) ಸ್ಥಳಾತ್ಮಕ ತಂತ್ರ: ಕೌಂಟರಿನಲ್ಲಿ ಹೆಸರು ಬರೆಸಿ ಹೊರಗೆ ಕಾಯುವುದು. ಒಳಗೇ ಕೂರಬೇಕಾದರೆ ಬಾಗಿಲಿನಿಂದ ದೂರದ ಮೂಲೆ ಹಿಡಿದು, ನಾಯಿಯನ್ನು ಕಾಲುಗಳ ನಡುವೆ ಗೋಡೆಗೆ ಮುಖಮಾಡಿಸುವುದು.

(ಆ) ಭಾಷಿಕ ತಂತ್ರ: “ಹೌದಾ.” ಒಪ್ಪಿಗೆಯೂ ಇಲ್ಲದ, ವಿರೋಧವೂ ಇಲ್ಲದ ಈ ಪದದ ಮುಂದೆ ಮೂರು ನಿಮಿಷಕ್ಕಿಂತ ಹೆಚ್ಚು ಉಪದೇಶ ಮಾಡುವುದು ಕಷ್ಟ.

(ಇ) ರೋಗಘೋಷಣಾ ತಂತ್ರ: “ಕಜ್ಜಿ ಇರಬಹುದು ಅಂತಿದ್ದಾರೆ, ಮನುಷ್ಯರಿಗೂ ಅಂಟುತ್ತಂತೆ.” ಎರಡೂ ಬದಿಯ ಕುರ್ಚಿಗಳು ತಕ್ಷಣ ಖಾಲಿಯಾಗುತ್ತವೆ. ನಾಯಿಯ ಒಂದು ಬಗೆಯ ಕಜ್ಜಿ ಮನುಷ್ಯರಿಗೂ ಅಂಟುವುದು ನಿಜವಾದ್ದರಿಂದ ತಂತ್ರಕ್ಕೆ ವೈಜ್ಞಾನಿಕ ತಳಹದಿಯೂ ಇದೆ.

(ಈ) ಪ್ರತಿಪ್ರಶ್ನಾ ತಂತ್ರ: “ನಿಮ್ಮದಕ್ಕೆ ಏನಾಗಿದೆ?” ಇದು ತಂತ್ರವಾಗಿ ಶುರುವಾಗಿ ಬೇಗ ಕೈತಪ್ಪುತ್ತದೆ, ಕೇಳಿಸಿಕೊಂಡವರು ಅಷ್ಟೂ ಹೊತ್ತು ಅದಕ್ಕೇ ಕಾದಿದ್ದವರಂತೆ ಹೇಳತೊಡಗುತ್ತಾರೆ.

5. ಅಧ್ಯಯನದ ಮಿತಿಗಳು

ಮೇಲಿನ ಚೌಕಟ್ಟಿಗೆ ಒಗ್ಗದ ಪ್ರಸಂಗ ಒಂದಿದೆ, ಮತ್ತು ಅದು ಅಪರೂಪವೂ ಅಲ್ಲ. ಖಾಕಿ ಅಂಗಿಯ ಆಟೋ ಚಾಲಕರೊಬ್ಬರು ರಟ್ಟಿನ ಡಬ್ಬದಲ್ಲಿ ಮೂರು ತಿಂಗಳ ಬೀದಿಮರಿಯನ್ನು ತರುತ್ತಾರೆ. ಮರಿಗೆ ವಾಂತಿ, ರಕ್ತಭೇದಿ. ಪಾರ್ವೊ ಇರಬಹುದು. ಈ ವೈರಸ್ ಬೆಳಕಿಗೆ ಬಂದದ್ದು 1978ರ ಸುಮಾರಿಗೆ. ಇದಕ್ಕೆ ಲಸಿಕೆ ಇದೆ, ಆರೆಂಟು ವಾರಕ್ಕೆ ಶುರುಮಾಡಿ ಹದಿನಾರು ವಾರ ತುಂಬುವವರೆಗೆ ಕಂತುಕಂತಾಗಿ ಹಾಕಿಸಬೇಕು. ಹಾಕಿಸಿಲ್ಲ. ಆಗ ಕೋಣೆಯ ಯಾವುದೋ ಕುರ್ಚಿಯಿಂದ, ಯಾರಿಗೂ ಹೇಳದಂತೆ, ಎಲ್ಲರಿಗೂ ಕೇಳುವಂತೆ, ಮಾತೊಂದು ಬರುತ್ತದೆ: “ವ್ಯಾಕ್ಸೀನ್ ಹಾಕಿಸೋಕಾಗದವರು ನಾಯಿ ಯಾಕಾದ್ರೂ ಸಾಕ್ತಾರೋ.” ಅವರು ಡಬ್ಬ ಎತ್ತಿಕೊಂಡು ಫುಟ್‌ಪಾತಿಗೆ ಹೋಗಿ ನಿಲ್ಲುತ್ತಾರೆ.

ಇದಕ್ಕೆ ಯಾಜಮಾನ್ಯ, ಸಂಕಥನ ಎಂಬ ಹೆಸರುಗಳೇನೂ ಬೇಡ. ಇದು ಸೊಕ್ಕು. ಲಸಿಕೆ ಹಾಕಿಸಬೇಕಿತ್ತು ಎಂಬುದು ಸರಿಯೇ. ಅದನ್ನು ಹೇಳಬೇಕಾದವರು ವೈದ್ಯರು, ಹೇಳಬೇಕಾದ ಜಾಗ ಒಳಗಿನ ಕೋಣೆ. ದುಡ್ಡಿಲ್ಲದೆಯೂ, ದುಡಿಮೆಯ ಹೊತ್ತು ಬಿಟ್ಟು, ಯಾರದೂ ಅಲ್ಲದ ಮರಿಯನ್ನು ಎತ್ತಿಕೊಂಡು ಬಂದವರಿಗೆ ಆ ಕೋಣೆ ಕೊಟ್ಟದ್ದು ನಾಚಿಕೆಯೊಂದನ್ನೇ. ಹಾಗೆ ನಾಚಿದವರು ಮುಂದಿನ ಸಲ ಬರುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಭೇದಿ ಮಾತ್ರೆ ಕೇಳುತ್ತಾರೆ. ಮರಿ ಸಾಯುತ್ತದೆ. ಇಷ್ಟು ತೀರ್ಪುಗಳಿಂದ ಒಂದೇ ಒಂದು ಮರಿಗೂ ಲಸಿಕೆ ಬಿದ್ದಿಲ್ಲ.

ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಥ ಮರಿ ಬಂದಾಗ ಕೌಂಟರಿನಲ್ಲಿ ಕೂಡಲೇ ಹೇಳಬೇಕು, ಅದನ್ನು ಬೇರೆ ಇರಿಸಬೇಕು, ಲಸಿಕೆ ಪೂರ್ತಿಯಾಗದ ಉಳಿದ ಮರಿಗಳನ್ನು ನೆಲದಿಂದ ಎತ್ತಿಕೊಳ್ಳಬೇಕು. ತಳಿ, ಬೆಲೆ, ಊಟ ಎಲ್ಲವನ್ನೂ ವಿಚಾರಿಸಿದ ಕೋಣೆ ಕಾಯಿಲೆಯನ್ನು ವಿಚಾರಿಸಲಿಲ್ಲವಾದ್ದರಿಂದ ವಂಶಾವಳಿಯ ಮರಿಗಳು ಅದೇ ನೆಲವನ್ನು ಮೂಸುತ್ತಿರುತ್ತವೆ.

6. ಉಪಸಂಹಾರ

ಬ್ರೂನೋನ ಸರದಿ ಬಂದು ಬಾಗಿಲು ಮುಚ್ಚಿದ ಮೇಲೆ ಒಳಗಿಂದ ಇಂಗ್ಲಿಷ್ ಕೇಳಿಸುವುದಿಲ್ಲ. “ಏನಿಲ್ಲ ಮಗಾ, ಆಯ್ತು, ಆಯ್ತು” ಎಂದು ಕೇಳಿಸುತ್ತದೆ. ತೀರ್ಪು ಕೊಟ್ಟವರೂ ಹೆದರಿಕೊಂಡೇ ಬಂದಿದ್ದರು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಆದರೆ ಅದು ಸಬೂಬಾಗುವುದಿಲ್ಲ, ಏಕೆಂದರೆ ಹೆದರಿದ್ದವರು ಅವರೊಬ್ಬರೇ ಅಲ್ಲ. ಕಾಯುವ ಕೋಣೆಯಲ್ಲಿ ಅಪರಿಚಿತರನ್ನು ಕೇಳಬಹುದಾದ ಪ್ರಶ್ನೆ ಒಂದೇ: ಏನಾಗಿದೆ? ಉತ್ತರ ಕೇಳಿದ ಮೇಲೆ ಅಗತ್ಯವಿದ್ದರೆ ಸರಿದು ಜಾಗ ಕೊಡಬೇಕು, ತುರ್ತಿದ್ದರೆ ತಮ್ಮ ಟೋಕನ್ ಬಿಟ್ಟುಕೊಡಬೇಕು. ಉಳಿದದ್ದು ವೈದ್ಯರ ಕೆಲಸ.