ಬೇವಿನಂಟು ಮೀಮಾಂಸೆ: ತಾಡಪತ್ರಿಯ ಕಲೆ ಕುರಿತು ಒಂದು ಅಧಿಕರಣ

೧. ವಿಷಯ

ಬೀದರ್, ಭಾಲ್ಕಿ, ಔರಾದ್ ಎಂಬ ಮೂರು ಕ್ಷೇತ್ರಗಳಲ್ಲಿ ಬೇವಿನ ಮರದಡಿ ನಿಂತ ಟ್ರ್ಯಾಕ್ಟರು, ಜೀಪು, ಬೈಕುಗಳಿಗೆ ಹೊದಿಸಿದ ಬಟ್ಟೆಯ ತಾಡಪತ್ರಿ, ಅದರ ಮೇಲೆ ತೊಟ್ಟಿಕ್ಕಿ ಒಣಗಿದ ಅಂಟು, ಅಂಟಿನಿಂದಾದ ಕಲೆ. ಇಷ್ಟು ಈ ಪ್ರಬಂಧದ ವಿಷಯ. ಪರದೇಶದ ಪಂಡಿತರು ಇದೇ ಸಮಸ್ಯೆಯನ್ನು ದೋಣಿಯ ಹೊದಿಕೆಯ ಸಂದರ್ಭದಲ್ಲಿ ಚರ್ಚಿಸಿದ್ದುಂಟು. ಸಮುದ್ರಮಟ್ಟಕ್ಕಿಂತ 2,000 ಅಡಿಗೂ ಮೇಲೆ, ಜಂಬಿಟ್ಟಿಗೆಯ ದಿಬ್ಬದ ಮೇಲೆ ಕೂತ ಬೀದರಿಗೆ ದೋಣಿ ಗೌಣ, ಹೊದಿಕೆಯೇ ಪ್ರಧಾನ. ಮಹಮೂದ್ ಗವಾನ್ 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದಾಗ ಈ ಶಾಸ್ತ್ರಕ್ಕೊಂದು ಪೀಠ ಇಡದೆ ಹೋದದ್ದು ವಿಷಾದದ ಸಂಗತಿ. ಆ ಕೊರತೆಯನ್ನು ತುಂಬುವ ಭಾರ ಅನಿವಾರ್ಯವಾಗಿ ಈ ಪ್ರಬಂಧಕಾರನ ಹೆಗಲಿಗೆ ಬಿದ್ದಿದೆ.

೨. ಸಂಶಯ

ಕಲೆ ಬಟ್ಟೆಯ ಗುಣವೋ, ಮರದ ಗುಣವೋ, ಗಾಡಿ ನಿಲ್ಲಿಸಿದವನ ಗುಣವೋ? ಮೂರನೆಯ ವಿಕಲ್ಪವನ್ನು ಮೂರೂ ಊರಿನವರು ಸರ್ವಾನುಮತದಿಂದ ತಳ್ಳಿಹಾಕಿದ್ದಾರೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ನಾಡಿನಲ್ಲಿ ನೆರಳು ಬಿಟ್ಟು ಗಾಡಿ ನಿಲ್ಲಿಸೆಂದು ಹೇಳುವವನು ಶಾಸ್ತ್ರಜ್ಞನಲ್ಲ, ಶತ್ರು.

ಮರದ ಪಕ್ಷವನ್ನೂ ಕೇಳಬೇಕು. ಬೇವು ಸುಮ್ಮನೆ ಅಂಟು ಸುರಿಸುವುದಿಲ್ಲ. ಕೊಡಲಿ ತಾಗಿದಲ್ಲಿ, ಹುಳು ಕೊರೆದಲ್ಲಿ, ಟೊಂಗೆ ಮುರಿದಲ್ಲಿ ಗಾಯ ಮುಚ್ಚಿಕೊಳ್ಳಲು ಸುರಿಸುತ್ತದೆ. ಟ್ಯೂಷನ್ ಕ್ಲಾಸಿನ ಬೋರ್ಡಿಗೆ ನಾಲ್ಕು, ಬಾಡಿಗೆ ಮನೆಯ ಬೋರ್ಡಿಗೆ ಎರಡು, ಚುನಾವಣೆ ಬಂದರೆ ಲೆಕ್ಕವಿಲ್ಲದಷ್ಟು ಮೊಳೆ ಹೊಡೆಸಿಕೊಂಡ ಮರಕ್ಕೆ ಅಂಟಿನ ಖರ್ಚು ಹೆಚ್ಚೇ. ಮೊಳೆ ಹೊಡೆದವನೊಬ್ಬ, ತಾಡಪತ್ರಿ ತಿಕ್ಕುವವನೊಬ್ಬ. ಕರ್ಮಫಲ ಈ ರೀತಿ ವಿಳಾಸ ತಪ್ಪುವುದು ಹೇಗೆಂಬ ಪ್ರಶ್ನೆಯನ್ನು ವೇದಾಂತಿಗಳಿಗೆ ಬಿಟ್ಟು ಮುಂದೆ ಹೋಗೋಣ.

೩. ಪೂರ್ವಪಕ್ಷ

ಕಲೆಯ ನಿವಾರಣೆಯಲ್ಲಿ ಮೂರು ಪಂಥಗಳನ್ನು ಕಲ್ಪಿಸಬಹುದು. ಮೂರಕ್ಕೂ ಆಯಾ ಊರಿನ ಘನತೆಯೇ ಆಧಾರ.

(ಅ) ಬೀದರಿನ ಕೃಷ್ಣೀಕರಣವಾದ. ಬಿದ್ರಿ ಕೆಲಸದಲ್ಲಿ ಸತುವು ಮತ್ತು ತುಸು ತಾಮ್ರದ ಪಾತ್ರೆಯ ಮೇಲೆ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬಿಸಿಲು ಮಳೆ ಕಾಣದ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಪಾತ್ರೆಯನ್ನು ಅದ್ದಿದರೆ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಪಂಥದವರು ಇದನ್ನು ತಿರುಗಿಸಿ ಓದುತ್ತಾರೆ: ಕಲೆಯನ್ನೇಕೆ ತೆಗೆಯಬೇಕು? ಸುತ್ತಲಿನ ಬಟ್ಟೆಯನ್ನೇ ಕಪ್ಪು ಮಾಡಿದರೆ ಕಲೆ ಎಲ್ಲಿ? ವಾದ ನಿರ್ದುಷ್ಟ. ಕಪ್ಪು ತಾಡಪತ್ರಿಯ ಕೆಳಗಿನ ಸೀಟಿನ ಮೇಲೆ ಮೇ ತಿಂಗಳಲ್ಲಿ ಕೂರಬೇಕಾದವನ ಅನುಭವ ಮಾತ್ರ ವಾದಕ್ಕೆ ಅನುಕೂಲವಾಗಿಲ್ಲ.

(ಆ) ಭಾಲ್ಕಿಯ ವಿಪರ್ಯಯವಾದ. ನಿಜಾಮರ ಕಾಲದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಊರಿದು. ಹೊರಗೆ ಕಾಣುವುದು ಬೇರೆ, ಒಳಗಿನ ಹುರುಳು ಬೇರೆ ಎಂಬ ಈ ಘನ ಪರಂಪರೆಯಿಂದ ಸೋಮಾರಿ ಭಾಷ್ಯಕಾರರು ಹೆಕ್ಕಿಕೊಂಡದ್ದು ಇಷ್ಟೇ: ತಾಡಪತ್ರಿಯನ್ನು ಮಗುಚಿ ಹಾಕು, ಕಲೆ ಒಳಗೆ ಹೋಗುತ್ತದೆ. ಹೋಗುತ್ತದೆ ನಿಜ, ಹೊಸ ಟ್ರ್ಯಾಕ್ಟರಿನ ಬಾನೆಟ್ಟಿಗೆ ಅಂಟಿಕೊಳ್ಳುತ್ತದೆ. ಒಂದು ಮಳೆಗಾಲ ಕಳೆದರೆ ಎರಡನೆಯ ಮಗ್ಗುಲೂ ಕಲೆಯಾಗುತ್ತದೆ. ಮೂರನೆಯ ಮಗ್ಗುಲು ಎಲ್ಲಿದೆಯೆಂದು ಭಾಷ್ಯಕಾರರು ತಿಳಿಸಿಲ್ಲ.

(ಇ) ಔರಾದಿನ ಜಾತಿಲಕ್ಷಣವಾದ. ಇದು ದೇವಣಿ ದನಗಳ ಸೀಮೆ. ದೇವಣಿಯಲ್ಲಿ ಮೂರು ಬಗೆ: ಮುಖ ಕಪ್ಪಿದ್ದರೆ ವಾನ್ನೇರಾ, ಅಚ್ಚ ಬಿಳಿಯಾದರೆ ಬಾಲಂಕ್ಯಾ, ಬಿಳಿ ಮೈಮೇಲೆ ಅಂಕೆಯಿಲ್ಲದ ಕಪ್ಪು ಮಚ್ಚೆಗಳಿದ್ದರೆ ಶೇವೇರಾ. ಆದ್ದರಿಂದ ಕಲೆಬಿದ್ದ ತಾಡಪತ್ರಿ ಕೆಟ್ಟದ್ದಲ್ಲ, ಶೇವೇರಾ ತಳಿಯದು. ಸಂತೆಯಲ್ಲಿ ಅದಕ್ಕೆ ಹೆಚ್ಚಿನ ಬೆಲೆ ಕೇಳಬಹುದು. ಕೇಳುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ.

ಈ ಮೂವರೂ ಪರಸ್ಪರರನ್ನು ಖಂಡಿಸುತ್ತಾರೆ. ಆದರೆ ಮನೆಗೆ ಹೋದ ಮೇಲೆ ಮೂವರೂ ಚಿಂದಿಗೆ ಚಿಮಣಿ ಎಣ್ಣಿ ಇಲ್ಲವೆ ಪೆಟ್ರೋಲು ಹಚ್ಚಿಕೊಂಡು ತಿಕ್ಕುತ್ತಾರೆ. ಅದರ ಫಲ ಹೀಗಿದೆ: ಅಂಟು ಅಲ್ಲಾಡುವುದಿಲ್ಲ, ನೀರು ಸೋರದಿರಲೆಂದು ಬಟ್ಟೆಗೆ ಹಿಡಿಸಿದ ಮೇಣ ಮಾತ್ರ ಕರಗಿ ಬರುತ್ತದೆ. ಮೊದಲ ಮಳೆಗೆ ನೀರು ಸರಿಯಾಗಿ ಕಲೆಯ ಗುರುತಿನಲ್ಲೇ ಒಳಗಿಳಿಯುತ್ತದೆ.

೪. ಸಿದ್ಧಾಂತ

ಗಾಡಿ ತೊಳೆಯುವ ಹುಡುಗನೊಬ್ಬ ಇಂಥ ಸಭೆಯಲ್ಲಿ ಎದ್ದು, "ನೀರ್ ಹಚ್ಚಿ ನೋಡೀರೇನ್ರಿ ಕಾಕಾ?" ಎಂದು ಕೇಳಿದನೆಂದುಕೊಳ್ಳಿ. ಅವನು ಯಾವ ಪಂಥಕ್ಕೂ ಸೇರಿದವನಲ್ಲ, ನೀರಿಗೆ ಬೆಲೆಯೂ ಇಲ್ಲ, ಬ್ರ್ಯಾಂಡೂ ಇಲ್ಲ. ಹಾಗಾಗಿ ಆ ಪ್ರಶ್ನೆ ಅಪ್ರಮಾಣವಾಗುತ್ತದೆ. ಆದರೆ ರಸಾಯನಶಾಸ್ತ್ರ ಹುಡುಗನ ಪಕ್ಷದಲ್ಲಿದೆ.

ಮರದಿಂದ ಒಸರುವುದೆಲ್ಲ ಒಂದೇ ಎಂಬುದು ಪೂರ್ವಪಕ್ಷದ ಮೂಲದೋಷ. ಬೇವು, ಜಾಲಿಗಳ ಅಂಟು ಸಕ್ಕರೆಯ ಸರಪಳಿಗಳಿಂದಾದ ಪದಾರ್ಥ. ಅದು ನೀರಿನಲ್ಲಿ ಕರಗುತ್ತದೆ, ಎಣ್ಣೆ ಪೆಟ್ರೋಲುಗಳಿಗೆ ಜಗ್ಗುವುದಿಲ್ಲ. ರಾಳದ ಸ್ವಭಾವ ಇದಕ್ಕೆ ವಿರುದ್ಧ: ನೀರನ್ನು ಲೆಕ್ಕಿಸುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಬಿದ್ರಿ ಎರಕದ ಅಚ್ಚಿನ ಮಣ್ಣಿಗೆ ಹರಳೆಣ್ಣೆಯ ಜತೆ ರಾಳ ಬೆರೆಸುವ ಊರಿಗೆ ಈ ಭೇದ ಹೊಸದಾಗಬಾರದಿತ್ತು. ಆಲ, ಅರಳಿ, ಅತ್ತಿಗಳ ಹಾಲು ಮೂರನೆಯ ಜಾತಿ. ಒಣಗಿದರೆ ರಬ್ಬರಿನಂತೆ ಎಳೆಯುತ್ತದೆ. ಇನ್ನು ಮಾವಿನ ಮರದಡಿ ಬೀಳುವ ಜಿಗುಟು ಎಷ್ಟೋ ಸಲ ಮರದ್ದೇ ಅಲ್ಲ, ಜಿಗಿಹುಳು ರಸ ಹೀರಿ ಹೊರಹಾಕಿದ ಸಿಹಿದ್ರವ. ಅದರ ಮೇಲೆ ಕಪ್ಪು ಬೂಷ್ಟು ಬೆಳೆದಾಗ ಆರೋಪ ಮರದ ಮೇಲೆ ಬರುತ್ತದೆ.

ಆದ್ದರಿಂದ ವಿಧಿ ಹೀಗೆ. ಮೊದಲು ತಲೆ ಎತ್ತಿ ಮರ ಯಾವುದೆಂದು ನೋಡತಕ್ಕದ್ದು. ಈ ಶಾಸ್ತ್ರದಲ್ಲಿ ಅರ್ಧ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಬೇವು, ಜಾಲಿಯಾದರೆ ಗಟ್ಟಿ ಹರಳನ್ನು ಉಗುರಿನಿಂದಲೋ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದಲೋ ಎಬ್ಬಿಸಿ, ಉಳಿದ ಕಲೆಯ ಮೇಲೆ ಒದ್ದೆ ಬಟ್ಟೆ ಹಾಕಿ ಅರ್ಧ ಗಂಟೆ ನೆನೆಯಲು ಬಿಡತಕ್ಕದ್ದು. ನೆನೆದದ್ದನ್ನು ಉಗುರುಬೆಚ್ಚನೆ ನೀರು, ತುಸು ಸೌಮ್ಯ ಸೋಪು, ಮೆತ್ತನೆ ಬ್ರಷ್ಷಿನಿಂದ ಒರೆಸತಕ್ಕದ್ದು. ಮಾವಿನ ಜಿಗುಟಿಗೂ ಇದೇ ವಿಧಿ. ಆಲ, ಅರಳಿಯ ಹಾಲಾದರೆ ಮಂಜುಗಡ್ಡೆ ಇಟ್ಟು ಗಡುಸು ಮಾಡಿ ಕಿತ್ತು, ಉಳಿದ ಜಿಗುಟಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಎಣ್ಣೆಯನ್ನು ಸೋಪಿನಿಂದ ತೆಗೆಯತಕ್ಕದ್ದು. ರಾಳವಾದರೆ ಸ್ಪಿರಿಟ್ ಮುಟ್ಟಿಸಿದ ಬಟ್ಟೆ ಸಾಕು. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳತಕ್ಕದ್ದು. ಬ್ಲೀಚಿಂಗ್ ಪುಡಿ ಸರ್ವಥಾ ನಿಷಿದ್ಧ. ಪೂರಾ ಒಣಗುವ ಮೊದಲು ಮಡಿಸಿಟ್ಟವನಿಗೆ ಬೂಷ್ಟೇ ಪ್ರಾಯಶ್ಚಿತ್ತ.

೫. ಪ್ರಯೋಜನ

ಇದನ್ನು ಬಲ್ಲವನ ತಾಡಪತ್ರಿ ಸೋರುವುದಿಲ್ಲ, ಬಾನೆಟ್ಟು ಅಂಟುವುದಿಲ್ಲ, ಪೆಟ್ರೋಲು ಟಾಕಿಯಲ್ಲೇ ಉಳಿಯುತ್ತದೆ. ಪಂಥಗಳಿಗೆ ನಷ್ಟವಿದೆ: ಎರಡು ಲೋಟ ನೀರಿನಿಂದ ಬಗೆಹರಿಯುವ ಪ್ರಶ್ನೆಯ ಮೇಲೆ ವಿಚಾರಸಂಕಿರಣ ನಡೆಸಲಾಗದು, ಹಾರ ತುರಾಯಿಗೆ ಅವಕಾಶವಿಲ್ಲ.

ಸಿದ್ಧಾಂತಕ್ಕೆ ಬೇಕಾದ ದ್ರಾವಕ ಮೂರೂ ಕ್ಷೇತ್ರಗಳಲ್ಲಿದೆ ಎಂಬುದನ್ನು ನಕ್ಷೆ ನೋಡಿಯೇ ಸಾಧಿಸಬಹುದು. ಕಾರಂಜಾ ಜಲಾಶಯ ಇರುವುದು ಭಾಲ್ಕಿ ತಾಲ್ಲೂಕಿನಲ್ಲಿ. ಮಾಂಜ್ರಾ ನದಿ ಔರಾದ್ ಸೀಮೆಯನ್ನು ಹಾದುಹೋಗುತ್ತದೆ. ಬೀದರಿಗಂತೂ ಬಹಮನಿ ದೊರೆಗಳು 15ನೇ ಶತಮಾನದಲ್ಲೇ ನೆಲದೊಳಗೆ ಸುರಂಗ ತೋಡಿಸಿ ನೌಬಾದಿನ ಕರೇಜ್ ಮಾಡಿಸಿ ಕೊಟ್ಟಿದ್ದಾರೆ. ಇಷ್ಟಾಗಿಯೂ ತಾಡಪತ್ರಿ ನೆನೆಸಲು ಹೊರಟ ದಿನವೇ ನಲ್ಲಿಯಲ್ಲಿ ನೀರೇಕೆ ಬರುವುದಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, ಅದು ಬೇರೊಂದು ಅಧಿಕರಣದ ವಿಷಯ. ಅದಕ್ಕೆ ಪೂರ್ವಪಕ್ಷ ಮಾತ್ರ ಸಿದ್ಧವಾಗಿದೆ.