ಬೆನ್ನಿಗೆ ಬೆಲೆ

ಮುಖದ ಮೇಲೆ ಲಂಡನ್ನಿನ ಥೇಮ್ಸ್ ದಂಡೆ, ಬೆನ್ನ ಮೇಲೆ ಮಾಲೀಕರ ಮುದ್ರೆ. ಅಮೆರಿಕದ ಕಲಾವಿದ ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರ್ 1859ರಲ್ಲಿ ತಾಮ್ರದ ತಗಡಿನ ಮೇಲೆ ಗೀರಿ, ಆಸಿಡ್‌ನಲ್ಲಿ ಅದ್ದಿ ರೂಪಿಸಿದ ‘ಬ್ಲ್ಯಾಕ್ ಲಯನ್ ವಾರ್ಫ್’ ಎಂಬ ಎಚಿಂಗ್‌ನ, ಕಾಗದಕ್ಕೆ ಒತ್ತಿದ ಒಂದು ಪ್ರತಿ ನಮ್ಮೊಡನೆ ಮಾತಾಡಲು ಒಪ್ಪಿತು. ಷರತ್ತು ಎರಡೇ: ಫ್ಲ್ಯಾಷ್ ಬೇಡ, ಕಾಫಿ ಲೋಟ ಹತ್ತಿರ ಬೇಡ.

ಪ್ರಶ್ನೆ: ಹೇಗಿದ್ದೀರಿ?

ಎಚಿಂಗ್: ಪೆಟ್ಟಿಗೆಯೊಳಗೆ ಕ್ಷೇಮ. ಬೆಳಕು ಬಿದ್ದರೆ ಕಾಗದ ಹಾಳಂತೆ. ಕೆಲವು ತಿಂಗಳು ಗೋಡೆ, ಆಮೇಲೆ ವರ್ಷಗಟ್ಟಲೆ ಕತ್ತಲೆ. ಗೋಡೆಯ ಮೇಲಾದರೂ 50 ಲಕ್ಸ್‌ನ ಮಂದ ದೀಪ. ಬಂದವರು ಕಣ್ಣು ಕಿರಿದು ಮಾಡಿ ಪಕ್ಕದ ಚೀಟಿ ಓದಿ ಮುಂದೆ ಹೋಗುತ್ತಾರೆ.

ಪ್ರಶ್ನೆ: ನೀವು ಜಗತ್ಪ್ರಸಿದ್ಧರು ಅಂತ ಕೇಳಿದ್ದೆವು?

ಎಚಿಂಗ್: ಲೋಕವೆಲ್ಲ ನನ್ನನ್ನು ನೋಡಿದೆ, ಗಮನಿಸಿಲ್ಲ ಅಷ್ಟೆ. 1871ರಲ್ಲಿ ವಿಸ್ಲರ್ ತಮ್ಮ ತಾಯಿಯ ಚಿತ್ರ ಬರೆದರಲ್ಲ, ಕಪ್ಪು ಉಡುಪು ತೊಟ್ಟು ಪಕ್ಕಕ್ಕೆ ತಿರುಗಿ ಕೂತ ಅಮ್ಮ, ಆಕೆಯ ಹಿಂದಿನ ಗೋಡೆಯಲ್ಲಿ ಚೌಕಟ್ಟಿನೊಳಗಿರುವುದು ನಾನೇ. 1891ರಲ್ಲಿ ಫ್ರಾನ್ಸ್ ಸರ್ಕಾರ 4,000 ಫ್ರಾಂಕ್ ತೆತ್ತು ಅಮ್ಮನನ್ನು ಕೊಂಡಿತು. ನಾನು ಕೊಸರಾಗಿ ಹೋದೆ. 1934ರಲ್ಲಿ ಅಮೆರಿಕ ಅದೇ ಅಮ್ಮನ 3 ಸೆಂಟಿನ ಅಂಚೆಚೀಟಿ ತಂದಾಗ, ವಿಸ್ಲರ್ ಬರೆಯದ ಹೂಗಳಿಗೂ ಜಾಗ ಮಾಡಿಕೊಟ್ಟಿತು.

ಪ್ರಶ್ನೆ: ಮೆಚ್ಚಿದವರು ಯಾರೂ ಇರಲಿಲ್ಲವೇ?

ಎಚಿಂಗ್: ಇದ್ದರು. 1862ರಲ್ಲಿ ಪ್ಯಾರಿಸ್‌ನಲ್ಲಿ ಥೇಮ್ಸ್ ಚಿತ್ರಗಳನ್ನು ಕಂಡು ಕವಿ ಬೋದಿಲೇರ್ ಹೊಗಳಿ ಬರೆದರು. ನಾವು ಹದಿನಾರು ಎಚಿಂಗ್‌ಗಳು ಒಂದು ಕಟ್ಟಾಗಿ ಲಂಡನ್ನಿನಲ್ಲಿ ಹೊರಬಂದದ್ದು 1871ರಲ್ಲಿ. ಅಷ್ಟರಲ್ಲಿ ಕವಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಪ್ರಶ್ನೆ: ನಿಮ್ಮ ಪ್ರತಿಗಳು ಹಲವು. ಅಸಲಿ ಯಾವುದು?

ಎಚಿಂಗ್: ಎಲ್ಲವೂ ಅಸಲಿ, ತಂಟೆ ಇರುವುದೇ ಅಲ್ಲಿ! ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್, ಎಲ್ಲೆಡೆ ನಮ್ಮವರಿದ್ದಾರೆ. ಶಾಯಿ ಹೇಗೆ ಹತ್ತಿದೆ, ಕಾಗದ ಯಾವುದು ಅಂತ ಮೊದಲು ನೋಡುತ್ತಾರೆ, ಇಲ್ಲವೆನ್ನಲಾರೆ. ಆಮೇಲೆ ಮಗುಚಿ ಹಾಕುತ್ತಾರೆ. ಹೊಲ ಕೊಳ್ಳುವವನು ಬೆಳೆ ನೋಡಿ ಪಹಣಿ ಕೇಳುವ ಹಾಗೆ, ಯಾರಿಂದ ಯಾರಿಗೆ ಬಂತು ಅನ್ನುವ ವಿಚಾರಣೆ ಶುರು.

ಪ್ರಶ್ನೆ: ಬೆನ್ನ ಮೇಲಿನ ಮುದ್ರೆಗಳು?

ಎಚಿಂಗ್: ಸಂಗ್ರಹಕಾರರ ಹಳೆಯ ಚಾಳಿ. ಡಚ್ ವಿದ್ವಾಂಸ ಫ್ರಿಟ್ಸ್ ಲುಗ್ಟ್ 1921ರಲ್ಲಿ ಆ ಮುದ್ರೆಗಳಿಗೇ ನಂಬರ್ ಹಾಕಿ ದಪ್ಪ ಗ್ರಂಥ ತಂದರು. ಕೊಂಡವರೂ ಹೀಗೆ ಕೃತಿಗಳಾದರು. ಮ್ಯೂಸಿಯಂಗಳೇನು ಕಡಿಮೆಯೇ? ತಮ್ಮಲ್ಲಿ ಎರಡಿದ್ದರೆ ಒಂದಕ್ಕೆ ‘ಡೂಪ್ಲಿಕೇಟ್’ ಅಂತ ಒತ್ತಿ ಮಾರಿದ್ದುಂಟು. ಒಡಹುಟ್ಟಿದವರನ್ನು ಹಾಗನ್ನಬಹುದೇ, ನೀವೇ ಹೇಳಿ.

ಪ್ರಶ್ನೆ: ಒಳ್ಳೆಯ ಮಾಲೀಕರೂ ಸಿಕ್ಕಿರಬೇಕಲ್ಲ?

ಎಚಿಂಗ್: ಡೆಟ್ರಾಯಿಟ್‌ನಲ್ಲಿ ರೈಲು ಡಬ್ಬಿ ತಯಾರಿಸಿ ಸಿರಿವಂತರಾದ ಚಾರ್ಲ್ಸ್ ಲ್ಯಾಂಗ್ ಫ್ರೀಯರ್ ಇದ್ದರು. ವಿಸ್ಲರ್ ಕೃತಿಗಳನ್ನು ಕಣಜ ತುಂಬುವಷ್ಟು ಕೊಂಡರು. 1906ರಲ್ಲಿ ಎಲ್ಲವನ್ನೂ ಸ್ಮಿತ್ಸೋನಿಯನ್ ಸಂಸ್ಥೆಗೆ ಬರೆದುಕೊಟ್ಟರು, ವಾಷಿಂಗ್ಟನ್ನಿನಲ್ಲಿ 1923ರಲ್ಲಿ ಗ್ಯಾಲರಿ ತೆರೆಯಿತು. ಮನಸ್ಸು ದೊಡ್ಡದು, ಷರತ್ತೂ ದೊಡ್ಡದು: ಯಾವುದನ್ನೂ ಹೊರಗಿನ ಪ್ರದರ್ಶನಕ್ಕೆ ಎರವಲು ಕೊಡಕೂಡದು. ರೈಲು ಕಟ್ಟಿದವರೇ ನಮ್ಮವರ ಪ್ರಯಾಣ ನಿಲ್ಲಿಸಿದರು.

ಪ್ರಶ್ನೆ: ವಿಸ್ಲರ್‌ಗೆ ಈ ಸಂಗ್ರಹಕಾರರ ಬಗ್ಗೆ ಏನನ್ನಿಸುತ್ತಿತ್ತು?

ಎಚಿಂಗ್: ಸುತ್ತ ಖಾಲಿ ಅಂಚು ಅಗಲವಾಗಿದ್ದಷ್ಟೂ ಬೆಲೆ ಹೆಚ್ಚು ಅನ್ನುವವರನ್ನು ಕಂಡರೆ ಅವರಿಗೆ ಉರಿ. ಆಮೇಲಾಮೇಲೆ ಪ್ರತಿಗಳ ಅಂಚನ್ನೇ ಕತ್ತರಿಸಿ ಬಿಸಾಡಿದರು. ಕೆಳಗೆ ಒಂದು ಪುಟ್ಟ ನಾಲಿಗೆಯಷ್ಟು ಕಾಗದ ಉಳಿಸಿ, ಅದರ ಮೇಲೆ ಚಿಟ್ಟೆಯಾಕಾರದ ತಮ್ಮ ಸಹಿ ಹಾಕಿದರು. ಸಂಗ್ರಹಕಾರರು ಬುದ್ಧಿ ಕಲಿತರು: ಈಗ ಆ ನಾಲಿಗೆ ಇದೆಯೇ ಅಂತ ಹುಡುಕುತ್ತಾರೆ.

ಪ್ರಶ್ನೆ: ನಿಮ್ಮ ಚಿತ್ರದಲ್ಲಿ ಮುಂದೆಯೇ ಕೂತಿದ್ದಾನಲ್ಲ, ಆತ ಯಾರು?

ಎಚಿಂಗ್: ಥೇಮ್ಸ್ ದಂಡೆಯ ಮನುಷ್ಯ. ಹೆಸರು ಕೇಳಬೇಡಿ. ನನ್ನ ಶೀರ್ಷಿಕೆಯಲ್ಲಿ ಹಡಗುಕಟ್ಟೆಯ ಹೆಸರಿದೆ, ಅವನದಿಲ್ಲ. ವಿಸ್ಲರ್ ಎಚಿಂಗ್‌ಗಳ 1910ರ ಕೆನಡಿ ಕ್ಯಾಟಲಾಗಿನಲ್ಲಿ ನನ್ನ ನಂಬರ್ 42, ಗ್ಲಾಸ್ಗೊ ವಿಶ್ವವಿದ್ಯಾಲಯದ ಕ್ಯಾಟಲಾಗಿನಲ್ಲಿ 54. ಕೆಲವೇ ತಿಂಗಳು ಇಟ್ಟುಕೊಂಡು ಲಾಭಕ್ಕೆ ಮಾರಿದ ವ್ಯಾಪಾರಿಗೂ ನನ್ನ ವಂಶಾವಳಿಯಲ್ಲಿ ಒಂದು ಸಾಲು ಸಿಗುತ್ತದೆ. ಇಷ್ಟು ವರ್ಷದಿಂದ ಜಾಗ ಬಿಟ್ಟು ಏಳದವನಿಗೆ ಅರ್ಧ ಸಾಲೂ ಇಲ್ಲ. ಪಾಪ, ಅವನು ನನ್ನನ್ನು ಕೊಂಡಿರಲಿಲ್ಲವಲ್ಲ!

ಪ್ರಶ್ನೆ: ಕೊನೆಯದಾಗಿ, ನಮ್ಮ ಓದುಗರಿಗೆ ಏನು ಹೇಳುತ್ತೀರಿ?

ಎಚಿಂಗ್: ಕೊಳ್ಳುವಷ್ಟು ದುಡ್ಡಿದ್ದರೆ ಬೆನ್ನು ಪರೀಕ್ಷಿಸಿ. ಇಲ್ಲದಿದ್ದರೆ ನೀವು ಪುಣ್ಯವಂತರು, ನೆಮ್ಮದಿಯಾಗಿ ಮುಖ ನೋಡಿ.