ಹಸ್ತಪ್ರತಿ ಕಳಿಸಿದವರು

ಹಸ್ತಪ್ರತಿ ಕಳಿಸಿ ಪ್ರಕಾಶಕರ ಉತ್ತರಕ್ಕೆ ಕಾಯುವ ಕಾದಂಬರಿಕಾರ ಚಿತ್ರದುರ್ಗ ಸೀಮೆಯಲ್ಲಿ ಹೇರಳ. ಸಾಮಾನ್ಯವಾಗಿ ನಿವೃತ್ತ ಮೇಷ್ಟ್ರು. ಹೊಸದುರ್ಗದವನಾದರೆ ತೆಂಗಿನ ತೋಟದ ಮೂರು ತಲೆಮಾರು, ಹೊಳಲ್ಕೆರೆಯವನಾದರೆ ಅಡಿಕೆ ತೋಟದ ದಾಯಾದಿ ವ್ಯಾಜ್ಯ ವಸ್ತುವಾಗುತ್ತದೆ. ದುರ್ಗದವನಿಗೆ ಆಯ್ಕೆಯೇ ಇಲ್ಲ, ಮದಕರಿನಾಯಕ. ಕೋಟೆ 1779ರಲ್ಲಿ ಹೈದರಾಲಿಯ ವಶವಾಗುವವರೆಗಿನ ಕಥೆಯನ್ನು ತ.ರಾ.ಸು. ‘ದುರ್ಗಾಸ್ತಮಾನ’ದಲ್ಲಿ ಬರೆದು ಮುಗಿಸಿದ್ದಾರಲ್ಲ ಎಂದರೆ, “ಅವರು ಒಂದು ವಿಷಯ ಬಿಟ್ಟಿದ್ದಾರೆ” ಎನ್ನುತ್ತಾನೆ. ಯಾವುದು ಎಂದು ಕೇಳಬಾರದು. ಕೇಳಿದವರಿಗೆ ಎರಡು ಅಧ್ಯಾಯ ಓದುತ್ತಾನೆ. ಆ ಕಾದಂಬರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ತ.ರಾ.ಸು. ತೀರಿಕೊಂಡ ಮರುವರ್ಷ. ಇದನ್ನು ಮನೆಯವರಿಗೆ ಆಗಾಗ ನೆನಪಿಸುತ್ತಾನೆ.

ಮೊದಲ ಕೆಲವು ವಾರ ಅಂಚೆಯವನನ್ನು ಕಾಯುತ್ತಾನೆ. ಆಮೇಲೆ ಫೋನು. ಬೆಂಗಳೂರಿನ ಕಚೇರಿಯ ಹುಡುಗ “ಸಾರ್ ಓದ್ತಾ ಇದಾರೆ” ಎನ್ನುತ್ತಾನೆ. ಕೆಳಗಿಡಲಾಗದೆ ಓದುತ್ತಿದ್ದಾರೋ, ಮುಗಿಸಲಾಗದೆ ಓದುತ್ತಿದ್ದಾರೋ ಎಂಬುದು ರಾತ್ರಿ ಊಟದ ಹೊತ್ತಿನ ಚರ್ಚೆ. ಹೆಂಡತಿಯ ಅಭಿಪ್ರಾಯ ಎರಡನೆಯದು. ಮುಂದಿನ ಸಲ “ಲೈಬ್ರರಿ ಆರ್ಡರ್ ಆಗ್ಲಿ ಮೇಷ್ಟ್ರೇ” ಎಂಬ ಉತ್ತರ. ಗ್ರಂಥಾಲಯ ಇಲಾಖೆಯ ಖರೀದಿ ನಂಬಿ ಅಚ್ಚು ಹಾಕುವ ಪ್ರಕಾಶಕರು ಬಹಳ ಇರುವುದರಿಂದ ಇದನ್ನು ನೆಪವೆಂದು ತಳ್ಳುವಂತಿಲ್ಲ. ಈ ಹಂತದಲ್ಲಿ ಗಟ್ಟಿ ನಿಲ್ಲುವವನು ಹಿರಿಯೂರಿನವನೇ. ಅವನೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿದ್ದ ಮೇಲಂತೂ ವಾರಕ್ಕೆರಡು ಸಲ ಫೋನು ಮಾಡತೊಡಗಿದ್ದಾನೆ.

ಕಾಯುವಾಗ ಸುಮ್ಮನೆ ಕೂರುವ ಜಾತಿಯಲ್ಲ. ಎರಡನೆಯ ಸಂಪುಟ ಶುರುವಾಗುತ್ತದೆ. “ಮೊದಲ ಸಂಪುಟದ ಓದುಗರಿಗೆ ತಿಳಿದಿರುವಂತೆ” ಎಂದೇ ಅದರ ಆರಂಭ. ಆ ಓದುಗರೆಂದರೆ ಸದ್ಯಕ್ಕೆ ತಾನು ಮತ್ತು ಡಿಟಿಪಿ ಅಂಗಡಿಯ ಹುಡುಗಿ. ಮೂರನೆಯದರಲ್ಲಿ ಸತ್ತ ಪಾತ್ರವೊಂದು ಮರೆವಿನಿಂದ ಎದ್ದು ಬಂದರೆ ಹಿಡಿಯುವವಳೂ ಅವಳೇ. ಎಲ್ಲ ಸಂಪುಟಕ್ಕೂ ಮುನ್ನುಡಿ ಸಿದ್ಧವಿರುತ್ತದೆ. ಪ್ರಕಾಶಕರಿಗೆ ಕೃತಜ್ಞತೆ ಹೇಳುವ ಕಡೆ ಮಾತ್ರ ಚುಕ್ಕೆಗಳು.

ಅಪರೂಪಕ್ಕೆ ಒಪ್ಪಿಗೆ ಬರುವುದುಂಟು, ಇನ್ನೂರು ಪ್ರತಿ ಲೇಖಕರೇ ಕೊಳ್ಳಬೇಕೆಂಬ ಷರತ್ತಿನೊಂದಿಗೆ. ಅಲ್ಲಿಂದ ಮುಂದೆ ನೆಂಟರಿಷ್ಟರ ಮದುವೆಗಳಲ್ಲಿ ಆ ಮನೆಯ ಮುಯ್ಯಿ ಕಾದಂಬರಿಯೇ.